ಪಾಕ ನೋಡುವ ಬೆರಳು

ಪಾಂಡವಪುರದ ಸುತ್ತ ಬೆಲ್ಲದ ಪಾಕ ನೋಡುವವರು ಬೇಕಾದಷ್ಟು ಜನ ಇದ್ದಾರೆ. ಆದರೆ ಚಿಕ್ಕಬೋರಮ್ಮನ ಬೆರಳೇ ಬೇರೆ. ತಣ್ಣೀರಿಗೆ ಕೈ ಅದ್ದಿ, ಕೊಪ್ಪರಿಗೆಯಿಂದ ಚೂರು ಪಾಕ ತೆಗೆದು ಬೆರಳಲ್ಲಿ ಉರುಳಿಸಿ, “ಇಳಿಸ್ರಪ್ಪ” ಅಂದಳೆಂದರೆ ಆಲೆಮನೆಯಲ್ಲಿ ಯಾರೂ ಎರಡು ಮಾತಾಡುತ್ತಿರಲಿಲ್ಲ. ಅವಳು ನೋಡಿದ ಬೆಲ್ಲ ಮಳೆಗಾಲದಲ್ಲೂ ನೀರೊಡೆಯುತ್ತಿರಲಿಲ್ಲ.

ಆಲೆಮನೆ ಅವಳ ಗಂಡ ಚಿಕ್ಕಸ್ವಾಮಿಯದು. ನನ್ನ ಪಕ್ಕದ ಜಮೀನಿನವನು, ಒಳ್ಳೆಯವನೇ, ಆದರೆ ಮಹಾ ಮೊಂಡ. ಮಳೆ ಹಿಡಿದು ಕಬ್ಬಿನ ಸಿಪ್ಪೆ ಒಣಗದಿದ್ದರೆ ಒಲೆಗೆ ಹಳೇ ಟಯರು ಹಾಕಿಸುವನು. ಥೂ, ಅದೇನು ಹೊಗೆ! ನಮ್ಮ ತೆಂಗಿನ ಗರಿಯೆಲ್ಲ ಮಸಿ. ಗಾಣದ ಮೋಟರಿನ ಪಕ್ಕ ಒಂದು ಹಳೇ ಟ್ರಿಪ್ ಡಬ್ಬ ಇತ್ತು. ಕರೆಂಟು ಎಲ್ಲಾದರೂ ಸೋರಿದರೆ ತಾನೇ ಲೈನು ಕಡಿದು ಜೀವ ಉಳಿಸುವ ಡಬ್ಬ. ಆಯುಧಪೂಜೆಗೆ ಚಿಕ್ಕಸ್ವಾಮಿ ಅದರ ಮೈ ಒರೆಸಿ, ಕುಂಕುಮ ಇಟ್ಟು, ನಿಂಬೆಹಣ್ಣು ಕುಯ್ದು ಕೈಮುಗಿಯುತ್ತಿದ್ದ. ಮುಚ್ಚಳ ಮಾತ್ರ ಒಂದು ಸಲವೂ ತೆಗೆಸಲಿಲ್ಲ.

ವೈರಿಂಗ್ ಮಾಡುವ ಶಿವಶಂಕರ್ ನನ್ನೆದುರಿಗೇ ಬೇಡಿಕೊಂಡ. “ಅಣ್ಣೋ, ಒಳಗಡೆ ಮಸಿ ಕೂತಿರ್ತದೆ. ಟೆಸ್ಟ್ ಬಟನ್ ಒಂದ್ಸಲ ಒತ್ತಿ ನೋಡಣ್ಣ, ಲೈನು ಕಡೀತದೋ ಇಲ್ವೋ ತಿಳೀತದೆ.”

“ಗಾಣ ನಿಂತ್ರೆ ಕಬ್ಬಿನ ಹಾಲು ಹುಳಿಯಾಯ್ತದೆ ಕಣ್ಲಾ. ಪೂಜೆ ಮಾಡಿವ್ನಿ, ಕೈ ಕೊಡಾಕಿಲ್ಲ ಬುಡು.”

ಹೋದ ಕಾರ್ತಿಕದಲ್ಲಿ ಜಡಿಮಳೆ. ಮೋಟರಿನ ವೈರು ಸವೆದು ಗಾಣದ ಕಬ್ಬಿಣಕ್ಕೆ ಕರೆಂಟು ಇಳಿದಿತ್ತು. ಚಿಕ್ಕಬೋರಮ್ಮ ಒದ್ದೆ ಕೈ ಇಟ್ಟಳು. ಡಬ್ಬ ಲೈನು ಕಡಿಯಲಿಲ್ಲ. ಚಿಕ್ಕಸ್ವಾಮಿ ಒಣ ಬಿದಿರು ಗಳದಿಂದ ಬಡಿದು ಅವಳ ಕೈ ಬಿಡಿಸಿದ. ಆಮೇಲೆ ಶಿವಶಂಕರ್ ಮುಚ್ಚಳ ತೆಗೆದರೆ, ವರ್ಷಗಟ್ಟಲೆ ಕೂತ ಟಯರಿನ ಮಸಿ ಥಂಡಿಗೆ ಜಿಡ್ಡುಗಟ್ಟಿ, ಒಳಗಿನ ಸ್ಪ್ರಿಂಗು ಅಲ್ಲಾಡದಂತೆ ಕಚ್ಚಿಕೊಂಡಿತ್ತು.

ಜೀವ ಉಳಿಯಿತು. ಆದರೆ ಬಲಗೈ ಬೆರಳಿಗೆ ಸ್ಪರ್ಶವೇ ಇಲ್ಲ. ನರ ಸತ್ತಿವೆ ಅಂದರು ಮೈಸೂರಿನ ಡಾಕ್ಟರು. ಈಗ ಹೊಸ ಡಬ್ಬ ಬಂದಿದೆ, ಒಲೆಗೆ ಟಯರು ಹಾಕುವುದು ನಿಂತಿದೆ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರಂತೆ! ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಮೊನ್ನೆ ಅವಳು ಕೊಪ್ಪರಿಗೆಯ ಹತ್ತಿರ ಬಂದು ನಿಂತಳು. ತಣ್ಣೀರಿಗೆ ಅದ್ದುವುದನ್ನು ಮರೆತು ಕುದಿಯುವ ಪಾಕಕ್ಕೇ ಬೆರಳು ಇಟ್ಟಳು. ಅಯ್ಯೋ ಅಂತ ನಾವು ಕೂಗಿದೆವು, ಅವಳು ಕೂಗಲಿಲ್ಲ. ಬೊಬ್ಬೆ ಏಳುತ್ತಿದ್ದ ಬೆರಳನ್ನು ಉಜ್ಜಿಕೊಳ್ಳುತ್ತಾ ಗಂಡನ ಕಡೆ ತಿರುಗಿದಳು.

“ಪಾಕ ಬಂದದಾ, ವಸಿ ನೋಡಿ. ನಂಗೇನೂ ತಿಳೀತಿಲ್ಲ.”

ಚಿಕ್ಕಸ್ವಾಮಿ ಅವಳ ಕೈಯನ್ನು ನೀರಿನ ಬಕೆಟ್ಟಿಗೆ ಅದ್ದಿ ಹಿಡಿದು, ಎಲ್ಲರ ಮುಂದೆ ಅತ್ತುಬಿಟ್ಟ.