ಮೂರು ತಾಲ್ಲೂಕಿಗೆ ಒಂದೇ ಸೀರೆ

ಹೆಂಗಸರಿಗೆ ಹೊಲಿಗೆ ಯಂತ್ರ ಕೊಡಿಸುವ ಒಂದು ಸಣ್ಣ ಸಂಸ್ಥೆಯಲ್ಲಿ ನಾನು ಕೆಲವು ವರ್ಷ ದುಡಿದೆ. ಯಂತ್ರ ಪಡೆದವರ ಫೋಟೊ ತೆಗೆದು, ನಾಲ್ಕು ಸಾಲು ಬರೆದು, ದಾನಿಗಳ ವಾಟ್ಸಾಪ್ ಗುಂಪಿಗೆ ಹಾಕುವುದು ನನ್ನ ಕೆಲಸ. ಅಲ್ಲಿ ಮಾಡಿದ ತಪ್ಪನ್ನು ಈ ವಯಸ್ಸಿನಲ್ಲಾದರೂ ಒಪ್ಪಿಕೊಳ್ಳಬೇಕು.

ಫೋಟೊ ಎಂದರೆ ನಮ್ಮ ಕಡೆಯ ಹೆಂಗಸರು ಟ್ರಂಕಿನ ತಳದ ಇಳಕಲ್ ಸೀರೆ ಉಟ್ಟು, ಪೌಡರ್ ಬಳಿದುಕೊಂಡು ಬರುತ್ತಾರೆ. ಅದನ್ನು ನೋಡಿ ಯಾವ ದಾನಿ ಮರುಗುತ್ತಾನೆ? ಅದಕ್ಕೆ ನನ್ನ ಹೆಂಡತಿಯ ಹಳೆಯ ಸೀರೆಯೊಂದನ್ನು ಚೀಲದಲ್ಲಿಟ್ಟುಕೊಂಡೆ. ಹಸಿರು ಬಣ್ಣ, ನವಿಲಿನ ಅಂಚು, ಸೆರಗಿನಲ್ಲಿ ಗೇಣುದ್ದ ಹರಕು. ಭೂಸನೂರಿನಲ್ಲಿ ಒಬ್ಬಾಕೆಗೆ ಹೊದಿಸಿದೆ, ಕೊಳಕೂರಿನಲ್ಲಿ ಇನ್ನೊಬ್ಬಾಕೆಗೆ. ಇಬ್ಬರಿಗೂ “ನಗಬ್ಯಾಡ್ರಿ” ಎಂದೆ.

ಮೂರನೆಯವಳು, ಕರಜಗಿಯಾಕೆ, ಮಾತ್ರ ಸೆರಗು ತಿರುವಿ ನೋಡಿದಳು. “ತಡೀರಿ, ಸೂಜಿ ಅದ. ಹೊಲ್ದು ಹಾಕ್ಕೋತೇನಿ.”

“ಹೊಲೀಬ್ಯಾಡವ್ವಾ. ಹರಕು ಕಾಣ್ಬೇಕು.”

ಗುಂಪಿನಲ್ಲಿದ್ದ ಒಬ್ಬ ನಿವೃತ್ತ ಶಿಕ್ಷಕಿ ಮೂರೂ ಫೋಟೊ ನೋಡಿ ಬರೆದರು: “ಆಳಂದ, ಜೇವರ್ಗಿ, ಅಫಜಲಪುರದ ಹೆಣ್ಣುಮಕ್ಕಳು ಒಂದೇ ಸೀರೆಯನ್ನು ಸರದಿಯ ಮೇಲೆ ಉಡುವಷ್ಟು ಬಡತನವೇ? ಮೂರು ಸೀರೆ ಕಳಿಸುತ್ತೇನೆ.” ನಾನು ಕೈ ಮುಗಿದ ಚಿತ್ರ ಒತ್ತಿ ಸುಮ್ಮನಾದೆ.

ಆ ಫೋಟೊ ಹೇಗೋ ಕರಜಗಿಗೂ ಹೋಯಿತು. ಆಕೆ ಫೋನ್ ಮಾಡಿದಳು. “ಹರಕ ಸೀರಿ ಉಟ್ಟಾಕಿ ಕಡೆ ಯಾರ್ರೀ ಜಂಪರ್ ಹೊಲಿಸ್ತಾರ? ಮೂರು ಮಂದಿ ಹೊಲಿಯಾಕ ಕೊಟ್ಟ ಅರಬಿ ವಾಪಸ್ ಒಯ್ದಾರ. ಮಷೀನ್ ಮ್ಯಾಲ ಈಗ ಬೆಕ್ಕು ಮಲಗಾಕತ್ತದ.”

ಮರುದಿನವೇ ಹೋಗಿ ತಪ್ಪಾಯಿತು ಎಂದೆ. ಕೂಡ್ರಿ ಎನ್ನಲಿಲ್ಲ. “ಸೀರಿ ತಂದೀರೇನು?” ಎಂದಳು. ಚೀಲದಲ್ಲೇ ಇತ್ತು, ತೆಗೆದುಕೊಟ್ಟೆ.

ಓಣಿಯ ಹೆಂಗಸರನ್ನೆಲ್ಲ ಕರೆದು, ಅವರೆದುರೇ ಕೂತು, ಎಳೆಗೆ ಎಳೆ ಕೂಡಿಸಿ ರಫೂ ಮಾಡಿದಳು. “ಹರಕು ಎಲ್ಲಿತ್ತು ತೋರಸ್ರಿ” ಎಂದಳು. ನಾನು ಕನ್ನಡಕ ಒರೆಸಿಕೊಂಡು ಹುಡುಕಿದರೂ ಸಿಗಲಿಲ್ಲ. ಬಟ್ಟೆ ಒಯ್ದಿದ್ದವರಲ್ಲಿ ಒಬ್ಬಾಕೆ ಮೆಲ್ಲಗೆ ಎದ್ದು ಮನೆಗೆ ಹೋಗಿ, ಜಂಪರಿನ ಬಟ್ಟೆ ತಂದು ಮಷೀನಿನ ಮೇಲಿಟ್ಟಳು.

ಆಮೇಲೆ ರಫೂ ಮಾಡಿದಾಕೆ ಸೀರೆಯನ್ನು ನನ್ನ ಹೆಗಲಿಗೆ ಹೊದಿಸಿ, ನನ್ನ ಫೋನಿನಿಂದಲೇ ಫೋಟೊ ತೆಗೆದಳು. “ನಗಬ್ಯಾಡ್ರಿ” ಎಂದಳು. ಓಣಿಯೆಲ್ಲ ನಕ್ಕಿತು. ಆಕೆ ಹೇಳಿದಂತೆ ಬರೆದು ಗುಂಪಿಗೆ ಹಾಕಿದೆ: “ಸೀರೆ ಈತನ ಮನೆಯದು. ರಫೂ ನನ್ನದು.”

ಶಿಕ್ಷಕಿಯ ಉತ್ತರ ಕೂಡಲೇ ಬಂತು: “ಅಯ್ಯೋ, ಈ ಅಜ್ಜನಿಗೂ ಉಡಲು ಏನೂ ಇಲ್ಲವೇ?”

ಈ ಸಲ ಕೈ ಮುಗಿದ ಚಿತ್ರ ಒತ್ತಲಿಲ್ಲ. ಕರಜಗಿಯಾಕೆಯ ಮನೆಯ ಕಟ್ಟೆಯ ಮೇಲೆ ಕೂತು, ಒಂದೇ ಬೆರಳಿನಲ್ಲಿ, ನಡೆದದ್ದನ್ನೆಲ್ಲ ಬರೆದೆ.