ಮುನ್ನೂರು ಮೊಟ್ಟೆಗೆ ಎಷ್ಟು ಮರಿ

ಆ ಮನೆಯ ದೊಡ್ಡ ಸೊಸೆಗೆ ಮೊಟ್ಟೆಯ ಬಿಸಿ ತಿಳಿಯಲು ಥರ್ಮಾಮೀಟರ್ ಬೇಕಿರಲಿಲ್ಲ. ಮುಚ್ಚಿದ ಕಣ್ಣರೆಪ್ಪೆಯ ಮೇಲೆ ಮೊಟ್ಟೆಯನ್ನು ಒಂದು ಗಳಿಗೆ ಇಟ್ಟುಕೊಂಡು, "ಅರ್ಧ ಡಿಗ್ರಿ ಏರಿದೆ" ಎನ್ನುತ್ತಿದ್ದಳು. ಥರ್ಮಾಮೀಟರ್ ನೋಡಿದರೆ ಅಷ್ಟೇ ಏರಿರುತ್ತಿತ್ತು. ಈ ವಿದ್ಯೆ ಕಲಿಸಿದ್ದು ಅತ್ತೆ. ಹತ್ತೊಂಬತ್ತನೇ ವಯಸ್ಸಿಗೆ ಮದುವೆಯಾಗಿ ಬಂದವಳನ್ನು ಮನೆಯ ಹಿಂದಿನ ಉದ್ದನೆಯ ಕೋಣೆಗೆ ಕರೆದೊಯ್ದು, ಕಾವುಪೆಟ್ಟಿಗೆಯ ಬಾಗಿಲು ತೆಗೆದು, "ಇನ್ಮೇಲೆ ಇದು ನಿಂದು" ಎಂದಿದ್ದರು. ಅತ್ತೆ ತೀರಿಕೊಂಡ ಮೇಲೂ ಅವಳು ಆ ಪೆಟ್ಟಿಗೆಯನ್ನು ಬಿಟ್ಟವಳಲ್ಲ. ಸುತ್ತಲಿನ ಸಾಕಣೆದಾರರಿಂದ ಮೊಟ್ಟೆ ತರಿಸುವುದು, ದಿನಕ್ಕೆ ಐದು ಬಾರಿ ಮಗುಚುವುದು, ಏಳನೇ ದಿನ ಬಲ್ಬಿನೆದುರು ಹಿಡಿದು ಒಳಗೆ ಜೀವ ಇದೆಯೋ ಇಲ್ಲವೋ ನೋಡುವುದು, ಇಪ್ಪತ್ತೊಂದನೇ ದಿನ ಮರಿ ಎಣಿಸುವುದು. ಇದೇ ಕೆಲಸದಲ್ಲಿ ಹದಿನಾರು ವರ್ಷ ಸರಿದಿತ್ತು.

ಆರು ವರ್ಷದ ಹಿಂದೆ ಮೈದುನನ ಮದುವೆಯಾಗಿ ಚಿಕ್ಕ ಸೊಸೆ ಬಂದಳು. ಬರುವ ಮೊದಲು ಅವಳು ಪುಸ್ತಕಕ್ಕೆ ರಟ್ಟು ಕಟ್ಟುವ ಅಂಗಡಿಯಲ್ಲಿ ಕೆಲಸಕ್ಕಿದ್ದವಳು. ಮೊಟ್ಟೆಯ ಯಾವ ತುದಿ ಮೇಲಿರಬೇಕು ಎಂಬುದೂ ಅವಳಿಗೆ ತಿಳಿದಿರಲಿಲ್ಲ. ದೊಡ್ಡವಳೇ ಕೈಹಿಡಿದು ಕಲಿಸಿದಳು. ಮಾವ ಎರಡನೇ ಪೆಟ್ಟಿಗೆ ತರಿಸಿ ಚಿಕ್ಕವಳಿಗೆ ವಹಿಸಿದರು. ಗೋಡೆಗೆ ಒಂದು ಕರಿಹಲಗೆ ಹೊಡೆಸಿ, ಪ್ರತಿ ಸರದಿಯಲ್ಲೂ ಮುನ್ನೂರು ಮೊಟ್ಟೆಗೆ ಯಾರಿಗೆ ಎಷ್ಟು ಮರಿ ಎಂದು ಸೀಮೆಸುಣ್ಣದಲ್ಲಿ ಬರೆಯತೊಡಗಿದರು.

ಅಲ್ಲಿಂದ ಶುರುವಾಯಿತು ನೋಡಿ. ದೊಡ್ಡವಳದು ಇನ್ನೂರ ಹದಿಮೂರು, ಚಿಕ್ಕವಳದು ಇನ್ನೂರ ಐವತ್ತೆಂಟು. ಮುಂದಿನ ಸರದಿಯಲ್ಲಿ ಇನ್ನೂರ ಹತ್ತು, ಇನ್ನೂರ ಐವತ್ತಾರು. ವರ್ಷಗಟ್ಟಲೆ ಹೀಗೇ. ಮಾವ ಕೆಟ್ಟವರಲ್ಲ, ಆದರೆ ನಾಲಿಗೆಗೆ ಲಗಾಮಿಲ್ಲ. "ಕಲಿಸಿದೋಳಿಗಿಂತ ಕಲಿತೋಳೇ ವಾಸಿ" ಎಂದು ಮೊಟ್ಟೆ ತಂದು ಕೊಡುವವರ ಎದುರಿಗೇ ಅಂದುಬಿಡುತ್ತಿದ್ದರು. ದೊಡ್ಡವಳು ನಕ್ಕಂತೆ ಮಾಡುತ್ತಿದ್ದಳು, ಒಳಗೆ ಹೊಟ್ಟೆ ಧಗಧಗ. ಚಿಕ್ಕವಳು ಪೆಟ್ಟಿಗೆಯ ಮುಂದೆ ಗುನುಗುತ್ತಾ ನಿಂತರೆ, "ಅದೇನು ಮಂತ್ರ ಹಾಕ್ತಾಳೋ" ಎಂದು ಇವಳಿಗೆ ಮೈಯೆಲ್ಲ ಕಿವಿ. ಅವಳು ಊಟಕ್ಕೆ ಹೋದಾಗ ಅವಳ ಪೆಟ್ಟಿಗೆಯ ಬಾಗಿಲು ತೆಗೆದು, ನೀರಿನ ತಟ್ಟೆಯಲ್ಲಿ ಬೆರಳದ್ದಿ ಮೂಸಿ ನೋಡಿದ್ದೂ ಉಂಟು. ಬರೀ ನೀರು.

ಆ ವರ್ಷ ನಾದಿನಿ ಮೂರು ತಿಂಗಳ ರಜೆ ಹಾಕಿ ತವರಿಗೆ ಬಂದಳು. ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್ ಅವಳು. ಮುಂದಿನ ಪದವಿಗೆಂದು ಪ್ರಬಂಧ ಬರೆಯುತ್ತಿದ್ದಳು. ಮುಂದಿನ ಕೋಣೆಯ ಮೇಜಿನ ತುಂಬ ಕಾಗದ. ಕಾಲೇಜಿನ ಮಾರ್ಗದರ್ಶಕರು ಅವಳ ಪ್ರಶ್ನೆಯನ್ನೇ ಮೂರು ಸಲ ಕೆಂಪು ಶಾಯಿಯಲ್ಲಿ ಗೀಚಿ ವಾಪಸು ಕಳಿಸಿದ್ದರು.

"ಪ್ರಶ್ನೆಗೂ ತಪ್ಪು ಹಾಕ್ತಾರಾ?" ಕಾಫಿ ತಂದಿಟ್ಟ ದೊಡ್ಡವಳು ಕೇಳಿದಳು. "ಉತ್ತರಕ್ಕೆ ಹಾಕೋದು ನೋಡಿದೀನಿ."

"ಅತ್ತಿಗೆ, ಪ್ರಶ್ನೆ ಸರಿ ಇದ್ರೆ ಅರ್ಧ ಕೆಲಸ ಮುಗೀತು. 'ಮಕ್ಕಳು ಯಾಕೆ ಓದಲ್ಲ' ಅಂತ ಬರೆದಿದ್ದೆ. ಅದು ಪ್ರಶ್ನೆಯಲ್ಲ, ಗೊಣಗಾಟ ಅಂದ್ರು. ಈಗ 'ಮುಂದಿನ ಬೆಂಚಲ್ಲಿ ಕೂತ್ರೆ ಮಕ್ಕಳ ಅಂಕ ಹೆಚ್ಚುತ್ತಾ' ಅಂತ ಮಾಡಿದೀನಿ. ನಾನು ಬದಲಾಯಿಸೋದು ಬೆಂಚು. ಅದು ಸ್ವತಂತ್ರ ಚರ. ಅದರಿಂದ ಬದಲಾಗುತ್ತಾ ಅಂತ ನಾನು ಅಳೆಯೋದು ಅಂಕ. ಅದು ಅವಲಂಬಿತ ಚರ."

"ಅಂದ್ರೆ ಈ ಮನೇಲಿ ಮಾವ ಸ್ವತಂತ್ರ ಚರ, ನಾವೆಲ್ಲ ಅವಲಂಬಿತ" ಎಂದಳು ದೊಡ್ಡವಳು. ನಾದಿನಿ ಬಿದ್ದು ಬಿದ್ದು ನಕ್ಕಳು. ಆ ನಗುವಿನ ಸಲಿಗೆಯಲ್ಲೇ ದೊಡ್ಡವಳ ಬಾಯಿಂದ, ಇಷ್ಟು ವರ್ಷ ಗಂಡನಿಗೂ ಹೇಳದ ಮಾತು ಹೊರಬಿತ್ತು.

"ನಂದೂ ಒಂದು ಪ್ರಶ್ನೆ ಇದೆ. ಅವಳಿಗೆ ಯಾಕೆ ಮರಿ ಜಾಸ್ತಿ?"

ನಾದಿನಿ ಅವಳ ಮುಖ ನೋಡಿದಳು. "ಅದು ಪ್ರಶ್ನೆ ಅಲ್ಲ ಅತ್ತಿಗೆ, ಹೊಟ್ಟೆಕಿಚ್ಚು."

"ಹೊಟ್ಟೆಕಿಚ್ಚೇ ಅಂತಿಟ್ಕೋ. ಅದಕ್ಕೂ ಉತ್ತರ ಬೇಡ್ವಾ?"

"ಬೇಕು. ಆದ್ರೆ 'ಅವಳು' ಅನ್ನೋದನ್ನ ತೆಗೆದುಹಾಕಿ. ನಿಮ್ಮಿಬ್ಬರ ನಡುವೆ ಏನೇನು ಬೇರೆ ಇದೆ, ಅದನ್ನ ಹೇಳಿ."

ದೊಡ್ಡವಳು ತಟ್ಟನೆ ಹೇಳಿದಳು: "ಮೆಷಿನ್ನು. ನಂದು ಹಳೇದು, ಅವಳದು ಹೊಸದು."

"ಹಾಗಾದ್ರೆ ಹೀಗೆ ಬರೀರಿ. ಹೊಸ ಮೆಷಿನ್ನಲ್ಲಿಟ್ರೆ ಹೆಚ್ಚು ಮರಿ ಆಗುತ್ತೆ. ಇದು ನಿಮ್ಮ ಊಹೆ. ಪ್ರಬಂಧದಲ್ಲಿ ಪ್ರಾಕ್ಕಲ್ಪನೆ ಅಂತಾರೆ. ಬದಲಾಯಿಸೋದು ಮೆಷಿನ್ನು, ಎಣಿಸೋದು ಮರಿ. ಮಿಕ್ಕಿದ್ದೆಲ್ಲ ಇದ್ದಹಾಗೇ ಇರಬೇಕು. ನಿಮ್ಮ ಮೊಟ್ಟೆ, ನಿಮ್ಮ ಕೈ. ಎರಡು ಒಟ್ಟಿಗೆ ಬದಲಾಯಿಸಿದ್ರೆ ಯಾವುದರಿಂದ ಏನಾಯ್ತು ಅಂತ ಬ್ರಹ್ಮನಿಗೂ ಗೊತ್ತಾಗಲ್ಲ."

ನಾದಿನಿಯ ಓದಿಗೆ ಬೇಕಂತೆ ಎಂದು ಹೇಳಿ ಪೆಟ್ಟಿಗೆ ಅದಲುಬದಲು ಮಾಡಿಕೊಂಡರು. ಚಿಕ್ಕವಳು ಹೂಂ ಅಂದಳು, ಕಾರಣ ಕೇಳಲಿಲ್ಲ. ಇಪ್ಪತ್ತೊಂದು ದಿನ ದೊಡ್ಡವಳು ಹೊಸ ಪೆಟ್ಟಿಗೆಯ ಮುಂದೆ ಗೆದ್ದವಳಂತೆ ಓಡಾಡಿದಳು. ಇಪ್ಪತ್ತೆರಡನೇ ದಿನ ಮಾವ ಹಲಗೆಯ ಮೇಲೆ ಬರೆದರು: ದೊಡ್ಡೋಳು ಇನ್ನೂರ ಹದಿನಾರು, ಚಿಕ್ಕೋಳು ಇನ್ನೂರ ಐವತ್ತೈದು. ಬರೆದು ಸುಮ್ಮನಿರಬೇಡವೇ? "ಕುಣಿಯಲಾರದೋಳು ನೆಲ ಡೊಂಕು ಅಂದಳಂತೆ" ಎಂದು ಸೀಮೆಸುಣ್ಣ ಕೊಡವಿದರು.

ದೊಡ್ಡವಳು ಹಳೆಯ ಪೆಟ್ಟಿಗೆಯನ್ನು ದೂರುತ್ತಾ ಆರು ವರ್ಷ ಬದುಕಿದ್ದಳು. ಈಗ ಅದೂ ಕೈಬಿಟ್ಟಿತು.

"ಇನ್ನೇನು ಬೇರೆ ಇದೆ?" ಎಂದಳು ನಾದಿನಿ, ಕರುಣೆಯೇ ಇಲ್ಲದವಳಂತೆ.

ದೊಡ್ಡವಳು ತನ್ನ ಅಂಗೈ ನೋಡಿಕೊಂಡಳು. "ಕೈ."

"ಹಾಗಾದ್ರೆ ಕೈ ಬದಲಾಯಿಸಿ. ಅವರ ಮೊಟ್ಟೆ ಅವರ ಮೆಷಿನ್ನಲ್ಲೇ ಇರಲಿ, ನೀವು ನೋಡ್ಕೊಳ್ಳಿ. ನಿಮ್ಮದನ್ನ ಅವರು ನೋಡ್ಕೊಳ್ಳಲಿ."

"ಬೇಡ."

"ಯಾಕೆ ಬೇಡ?"

"ಅವಳ ಕೈಲಿ ನನ್ನ ಮೊಟ್ಟೆ ಇನ್ನೂರ ಐವತ್ತು ಮರಿಯಾದ್ರೆ, ಆಮೇಲೆ ನಾನು ಈ ಕೋಣೆಗೆ ಯಾವ ಮುಖ ಇಟ್ಕೊಂಡು ಬರ್ಲಿ? ಅತ್ತೆ ಇದು ನಿಂದು ಅಂತ ಕೊಟ್ಟಿದ್ದು ಕಣೇ!"

ನಾದಿನಿ ಒತ್ತಾಯ ಮಾಡಲಿಲ್ಲ. ಎರಡು ದಿನ ಕಳೆದು ದೊಡ್ಡವಳೇ ಬಂದು, "ಆಗ್ಲಿ" ಎಂದಳು. ಗೊತ್ತಿಲ್ಲದೆ ಉರಿಯುವುದಕ್ಕಿಂತ ಗೊತ್ತಾಗಿ ಉರಿಯುವುದೇ ಮೇಲು ಅನಿಸಿರಬೇಕು. ಆ ಸರದಿಯಲ್ಲಿ ಅವಳು ಓರಗಿತ್ತಿಯ ಮೊಟ್ಟೆಗಳನ್ನು ಮಗುಚುತ್ತಾ, ಒಂದೊಂದನ್ನು ನೆಲಕ್ಕೆ ಬಿಟ್ಟರೆ ಹೇಗೆ ಎಂದು ಯೋಚಿಸಿದ್ದು ಸುಳ್ಳಲ್ಲ. ಬಿಡಲಿಲ್ಲ. ಮೊಟ್ಟೆ ಕೈಗೆ ಬಂದಾಗ ಕೈ ತನ್ನ ಪಾಡಿಗೆ ತಾನು ಸರಿಯಾಗಿಯೇ ನಡೆದುಕೊಳ್ಳುತ್ತಿತ್ತು.

ಚಿಕ್ಕವಳ ಮೊಟ್ಟೆ, ದೊಡ್ಡವಳ ಕೈ: ಇನ್ನೂರ ಐವತ್ತೊಂಬತ್ತು. ದೊಡ್ಡವಳ ಮೊಟ್ಟೆ, ಚಿಕ್ಕವಳ ಕೈ: ಇನ್ನೂರ ಒಂಬತ್ತು.

ದೊಡ್ಡವಳು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ನಕ್ಕಳು. ಕೈ ಅಲ್ಲ! ಮೆಷಿನ್ನೂ ಅಲ್ಲ, ಕೈಯೂ ಅಲ್ಲ. ಮುಖ ತೊಳೆಯುವಾಗ ಮೂರನೆಯದು ಹೊಳೆಯಿತು. ಮೊಟ್ಟೆ. ಇಬ್ಬರಿಗೂ ಬರುವುದು ಅದೇ ಬುಟ್ಟಿಗಳಿಂದ. ಆದರೆ ಮೊದಲ ಆಯ್ಕೆ ದೊಡ್ಡ ಸೊಸೆಯದು. ಅದು ಅತ್ತೆಯ ಕಾಲದಿಂದ ಬಂದ ಹಕ್ಕು. ಅವಳು ಪ್ರತಿ ಸಲವೂ ಕಣ್ಣಿಗೆ ತುಂಬುವಂಥ ದಪ್ಪ ಮೊಟ್ಟೆಗಳನ್ನು ಆರಿಸಿಕೊಳ್ಳುತ್ತಿದ್ದಳು. ತೀರಾ ಚಿಕ್ಕವು ಬೇಕರಿಗೆ ಹೋಗುತ್ತಿದ್ದವು. ಮಧ್ಯಮ ಗಾತ್ರದವು ಚಿಕ್ಕವಳ ಪಾಲಿಗೆ ಉಳಿಯುತ್ತಿದ್ದವು. ಆರು ವರ್ಷ ತನ್ನ ಕಾಲಿನ ಮೇಲೆ ತಾನೇ ಕಲ್ಲು ಎತ್ತಿಹಾಕಿಕೊಂಡಿದ್ದಳು.

ಇದನ್ನು ಯಾರಿಗಾದರೂ ಹೇಳಬೇಕಿತ್ತು. ನಾದಿನಿ ಮಾರ್ಗದರ್ಶಕರನ್ನು ಕಾಣಲು ಕಾಲೇಜಿಗೆ ಹೋಗಿದ್ದಳು, ಬರುವುದು ತಿಂಗಳ ಮೇಲಾಗುತ್ತದೆ ಎಂದಿದ್ದಳು. ಅಷ್ಟರಲ್ಲಿ ಹೊಸ ಬುಟ್ಟಿಗಳು ಬಂದವು. ದೊಡ್ಡವಳು ಬುಟ್ಟಿಯ ಮುಂದೆ ಕೂತಳು, ಎದ್ದಳು, ಓರಗಿತ್ತಿಯನ್ನು ಕರೆದಳು.

"ಬಾ ಇಲ್ಲಿ. ಈ ಸಲ ನೀನೇ ಮೊದಲು ಆರಿಸ್ಕೋ."

"ನಾನಾ?"

"ಎಷ್ಟು ವರ್ಷ ಅಂತ ನಾನೇ ಆರಿಸ್ಕೊಳ್ಳೋದು? ನೀನೂ ಈ ಮನೆ ಸೊಸೆ ಅಲ್ವಾ?"

ಚಿಕ್ಕವಳ ಕಣ್ಣು ತುಂಬಿಬಂತು. "ಅಕ್ಕಾ, ನೀವು ನನಗೆ ಈ ಮಾತು ಹೇಳ್ತೀರಾ ಅಂತ ಕನಸಲ್ಲೂ ಅಂದ್ಕೊಂಡಿರಲಿಲ್ಲ" ಎಂದು ಸೆರಗಿನಿಂದ ಮೂಗು ಒರೆಸಿಕೊಂಡು, ಒಂದೊಂದೇ ದಪ್ಪ ಮೊಟ್ಟೆಯನ್ನು ಮಗುವನ್ನೆತ್ತುವಂತೆ ಎತ್ತಿ ತನ್ನ ತಟ್ಟೆಯಲ್ಲಿ ಜೋಡಿಸಿಕೊಂಡಳು. ದೊಡ್ಡವಳು ಬಾಯಿಗೆ ಬೀಗ ಹಾಕಿಕೊಂಡು ನೋಡುತ್ತಾ ನಿಂತಳು.

ಇಪ್ಪತ್ತೆರಡನೇ ದಿನ ಹಲಗೆಯ ಮೇಲೆ ದೊಡ್ಡೋಳು ಇನ್ನೂರ ಐವತ್ತಾರು, ಚಿಕ್ಕೋಳು ಇನ್ನೂರ ಹನ್ನೊಂದು. ಮಾವ ಕನ್ನಡಕ ತೆಗೆದು ಒರೆಸಿ ಮತ್ತೆ ಎಣಿಸಿದರು. "ಏನಮ್ಮಾ, ಕೋಡು ಬಂತಾ? ಗಮನ ಎಲ್ಲಿಟ್ಟಿದ್ದೆ?" ಎಂದು ಚಿಕ್ಕವಳಿಗೆ ಅಂದರು. ಆ ಮಾತು ಕೇಳಲು ದೊಡ್ಡವಳು ಆರು ವರ್ಷ ಕಾದಿದ್ದಳು. ಕೇಳಿದಳು. ಹಾಲು ಕುಡಿದಷ್ಟು ಸಂತೋಷವಾಯಿತು. ಆ ಸಂತೋಷ ಸಂಜೆಯವರೆಗೆ ಇತ್ತು.

ಸಂಜೆ ಚಿಕ್ಕವಳು ಪೆಟ್ಟಿಗೆಯ ಮುಂದೆ ನೆಲದ ಮೇಲೆ ಕೂತು, ಒಡೆಯದ ಮೊಟ್ಟೆಗಳನ್ನು ಬುಟ್ಟಿಗೆ ತುಂಬುತ್ತಿದ್ದಳು. "ಅಕ್ಕಾ, ನನ್ನ ಕೈಗೇನಾಯ್ತು?" ಎಂದಳು. "ನೀವು ಅಷ್ಟು ದೊಡ್ಡ ಮನಸ್ಸು ಮಾಡಿ ಒಳ್ಳೆ ಮೊಟ್ಟೆ ಕೊಟ್ರಿ. ನಾನೇ ಕೆಡಿಸಿದೆ."

ಬೈದಿದ್ದರೆ ದೊಡ್ಡವಳು ತಾಳಿಕೊಳ್ಳುತ್ತಿದ್ದಳೇನೋ. 'ದೊಡ್ಡ ಮನಸ್ಸು' ಎಂಬ ಮಾತು ತಾಳಲಾಗಲಿಲ್ಲ. ಪಕ್ಕದಲ್ಲಿ ಕೂತು ಎಲ್ಲವನ್ನೂ ಹೇಳಿದಳು: ಮೆಷಿನ್ನು, ಕೈ, ಕೊನೆಗೆ ಮೊಟ್ಟೆ.

ಚಿಕ್ಕವಳು ಕೇಳುತ್ತಾ ಕೇಳುತ್ತಾ ಕೈಯಲ್ಲಿದ್ದ ಮೊಟ್ಟೆಯನ್ನು ಕೆಳಗಿಟ್ಟಳು. "ಗೊತ್ತಿದ್ದೂ ಕೊಟ್ರಾ?"

"ಹೂಂ."

"ನಿಮ್ಮ ಮುಂದೆ ಕಣ್ಣೀರು ಹಾಕಿದ್ನಲ್ಲ ನಾನು."

"ಹೂಂ."

ಎದ್ದು ಹೋದವಳು ಹನ್ನೊಂದು ದಿನ ಮಾತಾಡಲಿಲ್ಲ. ಒಂದೇ ಕೋಣೆಯಲ್ಲಿ ಬೆನ್ನಿಗೆ ಬೆನ್ನು ಹಾಕಿ ಮೊಟ್ಟೆ ಮಗುಚಿದರು. ದೊಡ್ಡವಳು ಮಾರನೇ ದಿನವೇ ಮಾವನಿಗೆ ವಿಷಯ ಹೇಳಿ, ತಪ್ಪು ಚಿಕ್ಕವಳದಲ್ಲ ಎಂದಿದ್ದಳು. ಮಾವ, "ದಪ್ಪ ಮೊಟ್ಟೆಗೆ ಮರಿ ಕಮ್ಮಿ ಅಂದ್ರೆ ಯಾರಾದ್ರೂ ನಂಬ್ತಾರಾ? ಕಾಗೆ ಕೂರೋದಕ್ಕೂ ಕೊಂಬೆ ಮುರಿಯೋದಕ್ಕೂ ಸರಿಹೋಗಿದೆ" ಎಂದು ತಳ್ಳಿಹಾಕಿದರು.

ವಾಪಸು ಬಂದ ನಾದಿನಿ ಎಲ್ಲ ಕೇಳಿ ತಲೆ ಮೇಲೆ ಕೈ ಹೊತ್ತಳು. "ಅತ್ತಿಗೆ, ಪರೀಕ್ಷೆ ಚೆನ್ನಾಗಿ ಮಾಡಿದೀರಿ. ಕೆಲಸ ಮಾತ್ರ ನೀಚದ್ದು. ಅಪ್ಪ ಹೇಳೋದೂ ಒಂದು ರೀತಿ ಸರಿ, ಒಂದು ಸಲ ಆಗಿದ್ದು ಆಕಸ್ಮಿಕ ಇರಬಹುದು. ಎಲ್ಲರ ಎದುರಿಗೆ ಇನ್ನೊಮ್ಮೆ ಮಾಡಬೇಕು."

"ಅವಳು ಒಪ್ಪಬೇಕಲ್ಲ."

"ಒಪ್ತೀನಿ" ಎಂದು ಬಾಗಿಲಿನಿಂದ ದನಿ ಬಂತು. ಹನ್ನೆರಡನೇ ದಿನದ ಮೊದಲ ಮಾತು. "ಆದ್ರೆ ಈ ಸಲ ಊಹೆ ಮೊದಲೇ ಹಲಗೆ ಮೇಲೆ ಬರೀಬೇಕು. ನಾನು ಬರೀತೀನಿ."

ಬರೆದಳು: 'ಮೊಟ್ಟೆ ದಪ್ಪ ಇದ್ದಷ್ಟೂ ಮರಿ ಕಡಿಮೆ.' ಅದರ ಕೆಳಗೆ: 'ಬದಲಾಗೋದು ಗಾತ್ರ. ಎಣಿಸೋದು ಮರಿ.' ಮುಂದಿನ ಸರದಿಗೆ ಎರಡೂ ಪೆಟ್ಟಿಗೆಯಲ್ಲಿ ಅರ್ಧ ದಪ್ಪ, ಅರ್ಧ ಮಧ್ಯಮ. ಗುರುತು ಹಾಕುವಾಗ ಇಬ್ಬರೂ ಒಂದೇ ಪೆನ್ಸಿಲ್ ಹಂಚಿಕೊಳ್ಳಬೇಕಾಯಿತು. ಆಗ ಚಿಕ್ಕವಳು ಮುಖ ಎತ್ತದೆ ಹೇಳಿದಳು: "ಆರು ವರ್ಷ ನೀವು ದಪ್ಪ ಮೊಟ್ಟೆ ಆರಿಸಿಕೊಳ್ಳೋದನ್ನ ನೋಡಿ ನನಗೂ ಹೊಟ್ಟೆ ಉರೀತಿತ್ತು ಅಕ್ಕ. ನನಗೆ ಅದು ಸಿಕ್ಕಿದ್ರೆ ಮುನ್ನೂರಕ್ಕೆ ಮುನ್ನೂರೂ ಮರಿ ಮಾಡಿಸ್ತಿದ್ದೆ ಅಂದ್ಕೊಂಡಿದ್ದೆ."

ದೊಡ್ಡವಳಿಗೆ ನಗು ಬಂತು. ತಡೆದುಕೊಂಡಳು, ತಡೆಯಲಾಗಲಿಲ್ಲ. ಚಿಕ್ಕವಳು ಸ್ವಲ್ಪ ಹೊತ್ತು ಬಿಗಿದುಕೊಂಡಿದ್ದು ತಾನೂ ನಕ್ಕಳು, ಪೂರ್ತಿಯಲ್ಲ.

ಫಲಿತಾಂಶ ಅವಳು ಬರೆದಂತೆಯೇ ಬಂತು. ಎರಡೂ ಪೆಟ್ಟಿಗೆ ಸೇರಿ ಮಧ್ಯಮ ಮುನ್ನೂರಕ್ಕೆ ಇನ್ನೂರ ಐವತ್ತೇಳು, ದಪ್ಪ ಮುನ್ನೂರಕ್ಕೆ ಇನ್ನೂರ ಹನ್ನೆರಡು. ಮಾವ ಹಲಗೆಯ ಅಂಕಿಗಳ ಮೇಲೆ ಬೆರಳಾಡಿಸಿ, "ನಿಮ್ಮತ್ತೆ ಇದ್ದಿದ್ರೆ ನಂಬ್ತಿರಲಿಲ್ಲ" ಎಂದರು. ಅದೇ ಅವರ ಒಪ್ಪಿಗೆ. ಅಲ್ಲಿಂದ ಮುಂದೆ ದಪ್ಪ ಮೊಟ್ಟೆಗಳೂ ಬೇಕರಿಗೇ ಹೋದವು, ಎರಡೂ ಪೆಟ್ಟಿಗೆಗೆ ಮಧ್ಯಮದವು ಬಂದವು. ಲೆಕ್ಕ ಮೇಲೆ ಕೆಳಗೆ ಆಗುತ್ತಿತ್ತು. ಒಮ್ಮೆ ಇವಳದು ನಾಲ್ಕು ಹೆಚ್ಚು, ಒಮ್ಮೆ ಅವಳದು ಆರು. ಆ ನಾಲ್ಕಕ್ಕೂ ಆರಕ್ಕೂ ದೊಡ್ಡವಳ ಎದೆ ಹಿಂದಿನಂತೆಯೇ ಕುಣಿಯುತ್ತಿತ್ತು, ಕುಸಿಯುತ್ತಿತ್ತು.

ಮರುವರ್ಷ ನಾದಿನಿ ಶಿಕ್ಷಕರ ತರಬೇತಿಯೊಂದರಲ್ಲಿ ಈ ಮೊಟ್ಟೆಗಳ ಕಥೆ ಹೇಳಿದಳಂತೆ. ಅದು ಒಂದು ಪುಟ್ಟ ಕೈಪಿಡಿಯಲ್ಲಿ ಅಚ್ಚಾಗಿ ಮನೆಗೆ ಬಂತು. ದೊಡ್ಡವಳು ಕನ್ನಡಕ ಹಾಕಿಕೊಂಡು ಓದಿದಳು. 'ನನ್ನ ಅತ್ತಿಗೆಯಂದಿರು ನಡೆಸಿದ ಈ ಪ್ರಯೋಗದಲ್ಲಿ' ಎಂದಿತ್ತು. ಫೋನ್ ಎತ್ತಿಕೊಂಡಳು.

"ಪ್ರಶ್ನೆ ಕೇಳಿದ್ದು ಯಾರು? ನಾನು. ಮೊಟ್ಟೆ ಅಂತ ಹೊಳೆದಿದ್ದು ಯಾರಿಗೆ? ನನಗೆ. ಅತ್ತಿಗೆಯಂದಿರು ಅಂತ ಯಾಕೆ ಹಾಕಿದೆ?"

"ಹಲಗೆ ಮೇಲೆ ಊಹೆ ಬರೆದಿದ್ದು ಚಿಕ್ಕತ್ತಿಗೆ ಅಲ್ವಾ?"

"ಕೈಬರಹ ಅವಳದು, ಅಷ್ಟೇ" ಎಂದಳು ದೊಡ್ಡವಳು. ಆಚೆ ಕೋಣೆಯಿಂದ ಚಿಕ್ಕವಳು, "ಕೇಳಿಸ್ತಿದೆ ಅಕ್ಕಾ" ಎಂದು ಕೂಗಿದಳು.