ವಿಷ ಉಣಿಸುವ ಆಯಾ

ಲ್ಯಾಬಿನಲ್ಲಿ ಎಲ್ಲರೂ ಅವಳನ್ನು ಆಯಾ ಅಂತಲೇ ಕರೆಯುತ್ತಿದ್ದರು. ಅವಳು ಸಾಕುತ್ತಿದ್ದದ್ದು ಮಕ್ಕಳನ್ನಲ್ಲ, ಕ್ಯಾನ್ಸರ್ ಜೀವಕೋಶಗಳನ್ನು. ಅದೂ ಪ್ಲಾಟಿನಂ ಲೋಹದ ಹಳೇ ಔಷಧಿಗೆ ಜಗ್ಗದ ಮೊಂಡು ಜಾತಿ. ಬೇರೊಂದು ಲೋಹದಿಂದ ತಯಾರಾಗುತ್ತಿದ್ದ ಹೊಸ ಔಷಧಿಯನ್ನು ಅವುಗಳ ಮೇಲೇ ಪರೀಕ್ಷಿಸಬೇಕಿತ್ತು. ಅಲ್ಲಿಯವರೆಗೆ ಅವುಗಳ ಮೊಂಡುತನ ಇಳಿಯದಂತೆ ಹಳೇ ಔಷಧಿಯನ್ನೇ ಚೂರುಚೂರು ಉಣಿಸುತ್ತಿರಬೇಕು. ಅವಳು ರಜೆ ಹಾಕಿದರೆ ಎಲ್ಲರ ಕೆಲಸವೂ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆಯೇ. “ಹಾವಿಗೆ ಹಾಲೆರೆಯೋರನ್ನ ನೋಡಿದೀರಿ, ವಿಷ ಎರೆದು ಸಾಕೋಳನ್ನ ನೋಡಿ” ಎಂದು ನಗಿಸುತ್ತಿದ್ದಳು.

ಅಕ್ಕನಿಗೆ ಅದೇ ಕಾಯಿಲೆ ಬಂದ ಮೇಲೆ ಆ ನಗು ನಿಂತಿತು. ಪ್ಲಾಟಿನಂ ಔಷಧಿಗೆ ಮೊದಲು ಕರಗಿದ್ದ ಗಡ್ಡೆ ಮತ್ತೆ ಬೆಳೆದಿತ್ತು, ಈಗ ಕ್ಯಾರೇ ಅನ್ನುತ್ತಿರಲಿಲ್ಲ. ಬೇರೆ ದಾರಿ ಕಾಣದೆ ಡಾಕ್ಟರು ಆ ಔಷಧಿಯನ್ನೇ ಹನಿಸುತ್ತಿದ್ದರು. ಹೊಸದು ಮನುಷ್ಯರ ಕೈಗೆ ಸಿಗಲು ಇನ್ನೂ ವರ್ಷಗಳೇ ಬೇಕು. ಅಕ್ಕನ ಬಳಿ ಕೂತರೆ ಲ್ಯಾಬಿನ ಕೆಲಸ ಕೆಡುತ್ತದೆ, ಕೆಲಸಕ್ಕೆ ಹೋದರೆ ಅಕ್ಕ ಒಂಟಿ. ಅತ್ತ ದರಿ, ಇತ್ತ ಪುಲಿ.

ಒಂದು ಭಾನುವಾರ ಅವಳು ಆಸ್ಪತ್ರೆಯ ಸ್ಟೂಲಿನಿಂದ ಏಳುವಾಗ ಅಕ್ಕ ಕೈ ಹಿಡಿದಳು.

“ಇವತ್ತೂ ಹೋಗ್ಲೇಬೇಕಾ? ಅವಕ್ಕೆ ಅಂಥಾದ್ದೇನೇ ಉಣಿಸ್ತೀಯ?”

“ನಿಂಗೆ ಕೊಡ್ತಿರೋ ಔಷಧೀನೇ ಅಕ್ಕಾ. ಸಾಯದಷ್ಟು ಮಾತ್ರ. ಹಾಗೆ ಕೊಟ್ರೇನೇ ಅವು ಗಟ್ಟಿಯಾಗೋದು.”

ಆಡಿದ ಮೇಲೆ ನಾಲಿಗೆ ಕಚ್ಚಿಕೊಂಡಳು. ಅಕ್ಕ ತಲೆ ಮೇಲಿನ ಡ್ರಿಪ್ ಬಾಟಲಿಯನ್ನೇ ನೋಡಿದಳು. ಆಮೇಲೆ ಕೈ ಬಿಟ್ಟಳು.

“ಹೋಗು, ನಿನ್ನವು ಹಸಿದಿರ್ತಾವೆ. ನನ್ನವಕ್ಕೆ ಇಲ್ಲೇ ಉಣಿಸ್ತಿದ್ದಾರೆ.”